ಲಕ್ಕಿಸೊಪ್ಪಿನ ನೀರು

ಆ ತರಬೇತಿಯವನನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಒಳ್ಳೆಯದನ್ನೇ ಹೇಳಲು ಬಂದಿದ್ದನಂತೆ. ಅವನ ಒಳ್ಳೆಯದಕ್ಕಿಷ್ಟು ಬೆಂಕಿ ಬೀಳಲಿ!

ನಮ್ಮದು ಹೊಸನಗರದ ಹತ್ತಿರದ ಜೈನರ ಮನೆ. ಅತ್ತೆಗೆ ವ್ರತ, ನೇಮ ಎಲ್ಲ ಒಂದು ಕೈ ಜಾಸ್ತಿ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ಬಾಯಿಗಿಲ್ಲ. ಸೋಸಿದ ಬಟ್ಟೆಯನ್ನೂ ಅದೇ ಬಾವಿಯ ನೀರಿಗೆ ಜಾಲಿಸಬೇಕು, ಅದರಲ್ಲಿ ಕಣ್ಣಿಗೆ ಕಾಣದ ಜೀವವಿದ್ದರೆ ತಮ್ಮ ಮನೆಗೆ ಹೋಗಲಿ ಅಂತ. ಇಂಥವರು ಮದುವೆಯಾಗಿ ಬಂದಾಗಿನಿಂದ ಹಿತ್ತಲಿನಲ್ಲಿ ಅಲಸಂದೆ, ಬೆಂಡೆ, ಹೀರೆ ಬೆಳೆದವರು. ಹುಳಕ್ಕೆ ಏನು ಮಾಡುವುದು? ಬೇಲಿಯುದ್ದಕ್ಕೂ ಲಕ್ಕಿಗಿಡವಿತ್ತಲ್ಲ. ಮೂಗಿಗೆ ಬಡಿಯುವ ಆ ಸೊಪ್ಪನ್ನು ಜಜ್ಜಿ, ಕುದಿಸಿ, ಗಂಜಲ ಸೇರಿಸಿ ಇಟ್ಟು, ಆಮೇಲೆ ಗಿಡಗಳಿಗೆ ಚಿಮುಕಿಸುತ್ತಿದ್ದರು. ಕುದಿಸುವ ನೀರನ್ನೂ ಸೋಸಿಯೇ!

ಅದಕ್ಕೂ ಒಂದು ಕ್ರಮವಿತ್ತು. ಹಿಂದಿನ ದಿನ ಸಂಜೆ ಕೋಲು ಹಿಡಿದು ಒಂದೊಂದೇ ಗಿಡವನ್ನು ಮೆಲ್ಲಗೆ ತಟ್ಟಿ ಹುಳಗಳಿಗೆ ಹೇಳಿ ಬರುತ್ತಿದ್ದರು.

"ನಾಳೆ ಸೊಪ್ಪಿನ ನೀರು ಹಾಕ್ತೀನಿ ಕಣ್ರೋ. ಇವತ್ತೇ ಎಲ್ಲಾದ್ರೂ ಹೋಗ್ಬಿಡಿ."

"ಅಜ್ಜಿ, ಹುಳಕ್ಕೆ ಬಸ್ಸು ಸಿಕ್ತಾ?" ಎಂದು ನನ್ನ ಮಕ್ಕಳು ಕಾಡುತ್ತಿದ್ದವು. ಅತ್ತೆಯದು ಒಂದೇ ಉತ್ತರ: "ನಾನು ಓಡ್ಸೋದು ಅಷ್ಟೆ. ಸಾಯ್ಸೋದಲ್ಲ." ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ವರ್ಷ ನಮ್ಮೂರಿನ ಹೆಂಗಸರ ಸಂಘದವರು ವಿಷವಿಲ್ಲದ ತರಕಾರಿಯ ತರಬೇತಿ ಅಂತ ಸಾಗರದಿಂದ ಅವನನ್ನು ಕರೆಸಿದರು. ಹಿಂದಿನ ದಿನವೇ ಬಂದು ನಮ್ಮ ಹಿತ್ತಲು ನೋಡಿದ. ಅತ್ತೆಯ ಮಡಕೆಯಿಂದ ಒಂದು ಲೋಟ ಸೊಪ್ಪಿನ ನೀರು ಕೇಳಿ ತೆಗೆದುಕೊಂಡು ಹೋದ. ಮಾರನೇ ದಿನ ನಮ್ಮ ಜಗಲಿ ತುಂಬ ಹೆಂಗಸರು ಕೂತಿರುವಾಗ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಎತ್ತಿ ತೋರಿಸಿದ.

"ನೋಡಿ ಅಕ್ಕ, ನಿನ್ನೆ ಸಂಜೆ ಈ ಹುಳ ಎಲ್ಲ ಜೀವಂತ ಇದ್ವು. ಅಜ್ಜಿ ಔಷಧಿ ಹಾಕಿದ ಎಲೆ ಕೊಟ್ಟೆ, ಒಂದೂ ಉಳಿದಿಲ್ಲ. ಅಜ್ಜೀ, ಇಷ್ಟು ವರ್ಷದಲ್ಲಿ ನೀವು ಲಕ್ಷಗಟ್ಟಲೆ ಕೊಂದಿರ್ತೀರ ಬಿಡಿ! ಎಲ್ರೂ ಚಪ್ಪಾಳೆ ಹೊಡೀರಿ!"

ಹೊಡೆದರು. ನಮ್ಮ ಜಗಲಿಯ ಮೇಲೆ ಕೂತು, ನಮ್ಮ ಕಾಫಿ ಕುಡಿದು, ಅತ್ತೆಯ ಮುಖ ನೋಡಿಕೊಂಡೇ ಹೊಡೆದರು. ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆ ಮಡಕೆ ಬೋರಲು ಹಾಕಿದ ಸದ್ದು ಕೇಳಿತು.

ಅವತ್ತಿನಿಂದ ಹಿತ್ತಲಿನ ಒಂದು ಕಾಯಿಯನ್ನೂ ಅವರು ಮುಟ್ಟಲಿಲ್ಲ. ಗಂಜಿ, ಉಪ್ಪು, ಮಜ್ಜಿಗೆ. ಮೊದಲೇ ಕಡ್ಡಿಯಂಥ ಜೀವ, ಇನ್ನಷ್ಟು ಇಳಿದುಹೋಯಿತು. ತಡೆಯಲಾರದೆ ಅವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

"ನಾನು ಹೊಗಳಿದ್ದು ಅಲ್ವಾ ಮೇಡಂ?" ಅಂದ. ಅಯ್ಯೋ ನಿನ್ನ!

ಅತ್ತೆಯ ಹತ್ತಿರ ಕೂತು ಹೇಳಿದೆ, "ಅವ ಎಂತದೋ ಸುಳ್ಳು ಹೇಳಿದ ಅತ್ತೆ. ಬಾಟಲೀಲಿ ಮುಚ್ಚಿಟ್ರೆ ಯಾವ ಹುಳ ಬದುಕುತ್ತೆ? ನೀವು ಊಟ ಮಾಡಿ."

"ಸುಳ್ಳಲ್ಲ ಮಾರಾಯ್ತಿ," ಅಂದರು. "ನಂಗೆ ಗೊತ್ತಿತ್ತು. ನೀರು ಹಾಕಿದ ಮಾರನೇ ದಿನ ಗಿಡದ ಬುಡದಲ್ಲಿ ಬಿದ್ದಿರ್ತಿದ್ವು. ನೀವೆಲ್ಲ ಏಳೋದ್ರೊಳಗೆ ಗುಡ್ಸಿ ಮಣ್ಣು ಮುಚ್ತಿದ್ದೆ. ಮನೆ ತುಂಬ ಮಕ್ಳು, ಎಂತ ಬಡಿಸ್ಲಿ? ಓಡ್ಸೋದು, ಓಡ್ಸೋದು ಅಂತ ನಂಗೆ ನಾನೇ ಹೇಳ್ಕೊಂಡು ನಡೆಸ್ತಿದ್ದೆ. ಈಗ ಊರಿಗೇ ಗೊತ್ತಾಯ್ತು. ಇನ್ನು ಹೆಂಗೆ ಹೇಳ್ಕೊಳ್ಳಲಿ?"

ನನ್ನ ಸಿಟ್ಟಿಗೆ ಅಳುವೂ ಸೇರಿತು. "ಹಾಗಾದ್ರೆ ಇನ್ಮೇಲೆ ನಾನು ಹಾಕ್ತೀನಿ. ಪಾಪ ನನ್ನ ತಲೆಗಿರಲಿ," ಅಂದೆ.

"ಉಣ್ಣೋಳು ನಾನೇ ಅಲ್ವಾ," ಅಂದರು ಅತ್ತೆ.

ಕೊನೆಗೆ ನನ್ನ ಗಂಡ ಒಂದು ದಾರಿ ಮಾಡಿದರು. ಪೇಟೆಯಿಂದ ತರಕಾರಿ ತಂದರು. ಅದನ್ನು ಅತ್ತೆ ಉಂಡರು. "ಅದು ನಮ್ಮ ಕೈಯಲ್ಲಿ ಆದದ್ದಲ್ಲ," ಅಂದರು. ಲಕ್ಕಿಬೇಲಿ ಆಳೆತ್ತರ ಬೆಳೆದು ನಿಂತಿದೆ, ಹಿತ್ತಲು ಬೀಳುಬಿದ್ದಿದೆ. ಈ ವಯಸ್ಸಿನಲ್ಲಿ ಅವರಿಗೆ ನಾನು ವಾರವಾರವೂ ಹುಳದ ಔಷಧಿಯ ವಾಸನೆ ಹೊಡೆಯುವ ಬೀನ್ಸನ್ನು ಉಪ್ಪುನೀರಿನಲ್ಲಿ ತೊಳೆದು ತೊಳೆದು ಬೇಯಿಸಿ ಬಡಿಸುತ್ತೇನೆ. ಅದರಲ್ಲಿ ಒಂದೇ ಒಂದು ಹುಳ ಇರುವುದಿಲ್ಲ. ಎಲ್ಲಿಂದ ಬಂದೀತು?