ನೇರಳೆ ಬಟ್ಟೆ ಮತ್ತು ದಾರಕ್ಕೆ ತೂಗಿದ ಮೀನು

ಟ್ಯೂರಿನ್ ನಗರದಲ್ಲಿ ಮೂಕಚಿತ್ರಗಳ ಉದ್ಯಮ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಬರಿಯ ನಗೆಯನ್ನೇ ನಂಬಿ, ಬಿಸಿಲಿನ ಬೆಳಕಿನಲ್ಲಿ ಚಿತ್ರೀಕರಿಸಲು ಗಾಜಿನ ಮನೆ ಕಟ್ಟಿಸಿದವನು ಎವಾಸಿಯೊ ಗರಿಲ್ಯೊ. ಉಳಿದ ನಿರ್ಮಾಪಕರು ರೋಮಿನ ಚಕ್ರವರ್ತಿಗಳನ್ನೂ ಸಿಂಹಗಳನ್ನೂ ಬೆನ್ನಟ್ಟುತ್ತಿದ್ದರೆ, ಇವನ ಬಂಡವಾಳ ಒಂದು ಏಣಿ, ಒಂದಿಷ್ಟು ಹಿಟ್ಟಿನ ಚೀಲ ಮತ್ತು ಪುಕ್ಕಲು ಪೊಲೀಸರ ಒಂದು ದಂಡು. ದೋರಾ ನದಿಯ ದಡದಲ್ಲಿ ಅವನ ತಂದೆಯ ಬೇಕರಿಯಿತ್ತು. ಅಲ್ಲಿ ಹಿಟ್ಟನ್ನು ತೋಳುದ್ದಕ್ಕೆ ಎಳೆದು, ಬೆರಳಿಗಿಂತ ಸಪೂರವಾದ ಗ್ರಿಸ್ಸೀನಿ ಎಂಬ ರೊಟ್ಟಿಕಡ್ಡಿ ಸುಡಲು ಕಲಿತ ಕೈಯೇ ಮುಂದೆ ಚಿತ್ರದ ಸುರುಳಿಯನ್ನೂ ಹಿಡಿಯಿತು.

“ಎಷ್ಟು ಆಗುತ್ತೋ ಅಷ್ಟು ಎಳಿ,” ಎಂದು ಅವನು ಕ್ಯಾಮೆರಾದವನಿಗೆ ಹೇಳುತ್ತಿದ್ದ. “ಆದ್ರೆ ಬೆಂದ ಮೇಲೆ ಟಕ್ ಅಂತ ಮುರೀಬೇಕು. ಮುರೀದೆ ಬಗ್ಗಿತು ಅಂದ್ರೆ ಅದು ಗ್ರಿಸ್ಸೀನಿನೂ ಅಲ್ಲ, ನಗೆನೂ ಅಲ್ಲ.”

ಹೊಸ ಚಿತ್ರವನ್ನು ಅವನು ಮೊದಲು ತೋರಿಸುತ್ತಿದ್ದುದು ನದಿಯಲ್ಲಿ ಊರಿನ ಬಟ್ಟೆ ಒಗೆಯುವ ಹೆಂಗಸರಿಗೆ. ಭಾನುವಾರದ ಪೂಜೆ ಮುಗಿದ ಬಳಿಕ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಅವರನ್ನು ಕೂರಿಸಿ, ತಾನು ಪರದೆಗೆ ಬೆನ್ನು ಮಾಡಿ ನಿಂತು ಅವರ ಮುಖಗಳನ್ನೇ ನೋಡುತ್ತಿದ್ದ. ವಾರವಿಡೀ ತಣ್ಣೀರಿನಲ್ಲಿ ಕೈ ಮರಗಟ್ಟಿಸಿಕೊಂಡವರನ್ನು ನಗಿಸಲಾರದ ತುಣುಕು ಮರುದಿನ ಕತ್ತರಿಗೆ ಬೀಳುತ್ತಿತ್ತು.

ಆ ಹೆಂಗಸರು ಹೆಸರು ಕೇಳಿದೊಡನೆಯೇ ನಗಲು ಆರಂಭಿಸುತ್ತಿದ್ದುದು ಒಬ್ಬನಿಗೆ ಮಾತ್ರ: ತಾಂಕ್ರೆದಿಗೆ. ಊರೂರು ಅಲೆಯುವ ನಾಟಕದ ತಂಡದಲ್ಲಿ ಹುಟ್ಟಿ ಬೆಳೆದ ಆ ಗಳದಂಥ ಮನುಷ್ಯ, ಬೀಳುವಾಗ ಮೊದಲು ಮೊಣಕಾಲು, ಆಮೇಲೆ ನಡು, ಕೊನೆಗೆ ಟೋಪಿ ಎಂಬಂತೆ ಕಂತುಕಂತಾಗಿ ಬೀಳುತ್ತಿದ್ದ. ಗಾಜಿನ ಮನೆಯ ಒಲೆ ಉರಿಯುತ್ತಿದ್ದುದು ಅವನಿಂದ. ಆ ವರ್ಷ ಈಸ್ಟರ್ ಹಬ್ಬಕ್ಕೆ ದೊಡ್ಡದೊಂದು ಚಿತ್ರ ಕೊಡುವೆನೆಂದು ಎವಾಸಿಯೊ ಮಿಲಾನಿನ ಚಿತ್ರಮಂದಿರಗಳಿಗೆ ಮಾತು ಕೊಟ್ಟಿದ್ದ. ಅದು ತಪ್ಪಿದರೆ ಗಾಜಿನ ಮನೆಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ತಪಸ್ಸುಕಾಲ ನಡೆಯುತ್ತಿತ್ತು. ಹಿನ್ನೆಲೆಗೆ ಕಟ್ಟಿದ ಬಿಳಿಯ ಪರದೆ ಗಾಜಿನ ಬಿಸಿಲಿಗೆ ಕಣ್ಣು ಕುಕ್ಕಿ ಚಿತ್ರವನ್ನು ಕೆಡಿಸುತ್ತಿದ್ದುದರಿಂದ, ಎವಾಸಿಯೊ ಚಿತ್ರದ ಅಡುಗೆಮನೆಯ ಗೋಡೆಗೆಂದು ನೇರಳೆ ಬಟ್ಟೆಯ ಒಂದು ಥಾನನ್ನೇ ತಂದು ತೂಗುಹಾಕಿಸಿದ. ಕ್ಯಾಮೆರಾದ ಕಣ್ಣಿಗೆ ನೇರಳೆಯು ಹದವಾದ ಬಿಳುಪಾಗಿ ಕಾಣುವುದೆಂದು ಅವನು ಪರೀಕ್ಷಿಸಿ ತಿಳಿದಿದ್ದ.

ಬೆಳಿಗ್ಗೆ ಒಳಗೆ ಕಾಲಿಟ್ಟ ತಾಂಕ್ರೆದಿ ಆ ಗೋಡೆಯನ್ನು ಕಂಡು ನಿಂತುಬಿಟ್ಟ. ಅವನ ಹಿಂದೆ ಬಂದ ಅತ್ತೆಯ ಪಾತ್ರದ ಹೆಂಗಸು ಶಿಲುಬೆಯ ಗುರುತು ಹಾಕಿಕೊಂಡಳು.

“ಮೊನ್ಸು ಗರಿಲ್ಯೊ, ನಾಟಕದವರ ಕಣ್ಣಿಗೆ ನೇರಳೆ ಬೀಳಬಾರದು ಅಂತ ನಿಮಗೆ ಯಾರೂ ಹೇಳಲಿಲ್ವಾ?” ಎಂದ ತಾಂಕ್ರೆದಿ, ಯಜಮಾನರಿಗೆ ಆ ಊರಿನವರು ಹೇಳುವ ‘ಮೊನ್ಸು’ವನ್ನು ಒತ್ತಿ.

“ಚಿತ್ರದಲ್ಲಿ ಬಣ್ಣಾನೇ ಇರಲ್ಲವಲ್ಲೋ ಮಾರಾಯ! ನೋಡೋರಿಗೆ ಇದು ಬಿಳಿ.”

“ನನಗೆ ನೇರಳೆ.”

“ಇದು ನಾಟಕದ ರಂಗ ಅಲ್ಲ, ನನ್ನ ಕಾರ್ಖಾನೆ. ಆ ಅಜ್ಜಿ ಕಾಲದ ಕತೆಯೆಲ್ಲ ಬಾಗಿಲ ಆಚೆ ಬಿಟ್ಟು ಬಾ.”

ತಾಂಕ್ರೆದಿ ಕಟ್ಟುಮೀಸೆಯನ್ನು ಕಿತ್ತು ಎವಾಸಿಯೊನ ಅಂಗೈಯಲ್ಲಿಟ್ಟ. ಉಳಿದ ನಟರೂ ಟೋಪಿ ಕೋಲುಗಳನ್ನು ಕೆಳಗಿಟ್ಟು ಅವನ ಹಿಂದೆ ಹೊರಟರು. ಎವಾಸಿಯೊನಿಗೆ ಸಿಟ್ಟು ನೆತ್ತಿಗೇರಿತು.

“ಹೋಗಿ, ಎಲ್ರೂ ಹೋಗಿ! ಹೊಟ್ಟೆ ಹಸಿದ್ರೆ ಬಣ್ಣ ಗಿಣ್ಣ ಎಲ್ಲ ಮರೆತು ನೀವಾಗೇ ಓಡಿ ಬರ್ತೀರಿ!”

ತಾಂಕ್ರೆದಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ನಡೆದುಬಿಟ್ಟ.

ಸಂಜೆ ಎವಾಸಿಯೊನ ಹೆಂಡತಿ, ವೇಷಭೂಷಣದ ಉಸ್ತುವಾರಿ ನೋಡುತ್ತಿದ್ದ ದೆಲ್ಫೀನಾ, ತಾನೇ ಏಣಿ ಹತ್ತಿ ಬಟ್ಟೆಯನ್ನು ಇಳಿಸಿ ಮಡಿಸಿಟ್ಟಳು. “ತಪಸ್ಸುಕಾಲದಲ್ಲಿ ಪಾದ್ರಿಗಳು ಉಡೋ ಬಣ್ಣ ಇದು. ಅಂಗಡೀಲಿ ರಾಶಿ ಬಿದ್ದಿದ್ದು ನೋಡಿದಾಗ್ಲೂ ನಿನಗೆ ಹೊಳೀಲಿಲ್ವಾ? ನನ್ನ ಒಂದು ಮಾತು ಕೇಳಿದ್ರೆ ಬಾಯಿ ಸವೀತಿತ್ತಾ?” ಎಂದಳು.

ಬಟ್ಟೆ ಇಳಿದ ಸುದ್ದಿ ಕೇಳಿ ಮರುದಿನ ಎಲ್ಲರೂ ಮರಳಿದರು. ತಾಂಕ್ರೆದಿ ಒಬ್ಬ ಬರಲಿಲ್ಲ. ಎವಾಸಿಯೊ ಸರ್ಕಸ್ಸಿನ ದಡೂತಿ ವಿದೂಷಕನೊಬ್ಬನನ್ನು ಕರೆತಂದು ಅದೇ ಪಾತ್ರವನ್ನು ಮಾಡಿಸಿ ನೋಡಿದ. ಭಾನುವಾರ ಒಗೆಯುವ ಹೆಂಗಸರ ತುಟಿ ಬಿಚ್ಚಲಿಲ್ಲ. “ಇವನು ಬೀಳೋದಿಲ್ಲ ಕಣಪ್ಪ, ಕೂತ್ಕೋತಾನೆ. ನಮ್ಮ ಉದ್ದಣ್ಣ ಎಲ್ಲಿ?” ಎಂದಳು ಮುಂದಿನ ಸಾಲಿನವಳು.

ಕೊನೆಗೆ ಎವಾಸಿಯೊ ಒಂದು ಕಟ್ಟು ಗ್ರಿಸ್ಸೀನಿಯನ್ನು ಕಂಕುಳಲ್ಲಿಟ್ಟುಕೊಂಡು ತಾಂಕ್ರೆದಿಯ ಮನೆಗೆ ಹೋದ. ತಾಂಕ್ರೆದಿ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಅವನ ತಾಯಿ ಜೆಲಿಂಡಾ, ಒಂದು ಕಾಲದ ನಾಟಕದ ನಾಯಕಿ, ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತೊಳಸುತ್ತಿದ್ದಳು.

“ಬಟ್ಟೆ ತೆಗೆಸಿದೀನಲ್ಲ ತಾಯಿ, ಇನ್ನೂ ಯಾಕೆ ಮುನಿಸು?”

“ಬಟ್ಟೆಗಲ್ಲ ಮಗಾ, ನಿನ್ನ ಮಾತಿಗೆ,” ಎಂದಳು ಮುದುಕಿ ತೊಳಸುವ ಕೋಲನ್ನು ನಿಲ್ಲಿಸದೆ. “ನಾವು ನಾಟಕದ ತಂಡದಲ್ಲಿದ್ದಾಗೆಲ್ಲ ಚರ್ಚಲ್ಲಿ ನೇರಳೆ ಏರಿತು ಅಂದ್ರೆ ನಾಟಕಕ್ಕೆ ಬೀಗ. ಈಸ್ಟರ್ ತನಕ ಕೂಳಿಲ್ಲ. ಇದೇ ಮುದ್ದೆ, ಮೇಜಿನ ಮೇಲೆ ದಾರಕ್ಕೆ ತೂಗಿದ ಒಂದು ಉಪ್ಪುಮೀನು. ಅದನ್ನ ತಿನ್ನೋ ಹಾಗಿಲ್ಲ! ಮುದ್ದೆ ತುಂಡನ್ನ ಅದಕ್ಕೆ ಉಜ್ಜಿ, ವಾಸನೆ ಹತ್ತಿಸ್ಕೊಂಡು ನುಂಗ್ಬೇಕು. ಒಂದೇ ಮೀನು ಇಡೀ ತಪಸ್ಸುಕಾಲಕ್ಕೆ. ನೇರಳೆ ಅಂದ್ರೆ ನಮಗೆ ಅಪಶಕುನ ಅಲ್ಲ, ಹಸಿವು. ನೀನು ಆ ಹಸಿವನ್ನೇ ಎತ್ತಿ ಆಡಿದೆ.”

ಎವಾಸಿಯೊ ತಲೆ ತಗ್ಗಿಸಿದ. ಅವನು ಹುಟ್ಟಿದ ಮನೆಯಲ್ಲಿ ಉಪವಾಸವೆಂಬುದು ಧರ್ಮದ ಮಾತಾಗಿತ್ತೇ ಹೊರತು ಹೊಟ್ಟೆಯ ಮಾತಾಗಿರಲಿಲ್ಲ. ಒಲೆ ಆರಿದ ದಿನವನ್ನೇ ಅವನು ಕಂಡಿರಲಿಲ್ಲ. “ತಪ್ಪಾಯ್ತು, ತಾಂಕ್ರೆದಿ,” ಎಂದ. ಆ ಹೆಸರು ಹೇಳುತ್ತಿರುವಾಗಲೇ ಅವನ ಕಣ್ಣು ಮೇಜಿನ ಮೇಲಿನ ಬರಿಗಾಳಿಯನ್ನು ದಿಟ್ಟಿಸುತ್ತಿತ್ತು. ಅವನ ಮನಸ್ಸಿನಲ್ಲಿ ಅಲ್ಲಿ ದಾರವೊಂದು ತೂಗುತ್ತಿತ್ತು. ಸುತ್ತ ಮುದ್ದೆ ಹಿಡಿದ ಐದಾರು ಕೈಗಳು ಮೇಲೆದ್ದಿದ್ದವು. “ಆ ಮೀನನ್ನ... ನನ್ನ ಚಿತ್ರಕ್ಕೆ ಕೊಡ್ತೀರಾ?”

ತಾಂಕ್ರೆದಿ ಸರ್ರನೆ ತಿರುಗಿದ. “ನಮ್ಮ ಹಸಿವು ತೋರ್ಸಿ ಜನಾನ ನಗಿಸ್ತೀರಾ?”

ಉತ್ತರ ಕೊಟ್ಟವಳು ಜೆಲಿಂಡಾ. “ನಾವು ಆಗಲೇ ನಗ್ತಿರ್ಲಿಲ್ವೇನೋ? ನಿಮ್ಮಪ್ಪ ಮೀನನ್ನ ಜೋರಾಗಿ ಉಜ್ಜಿದ್ರು ಅಂತ ನಿಮ್ಮಜ್ಜಿ ಸೌಟು ತಗೊಂಡು ಮೇಜಿನ ಸುತ್ತ ಅಟ್ಟಿಸ್ಕೊಂಡು ಹೋಗಿದ್ದು ಮರೆತೆಯಾ? ಹಸಿದಿದ್ವಿ, ನಿಜ. ಅಳ್ತಾ ಕೂತಿದ್ವಿ ಅಂತ ಯಾರು ಹೇಳಿದ್ದು?”

ತಾಂಕ್ರೆದಿಯ ತುಟಿಯ ಒಂದು ಅಂಚು ನಡುಗಿತು. “ಅಪ್ಪನ ಪಾತ್ರ ನಾನೇ ಮಾಡ್ತೀನಿ,” ಎಂದ. “ಆದ್ರೆ ಆ ಬಟ್ಟೆ ನಿಮ್ಮ ಕಾರ್ಖಾನೇಲಿ ಒಂದು ತುಂಡೂ ಉಳೀಬಾರದು, ಮೊನ್ಸು.”

ದೆಲ್ಫೀನಾ ಬಟ್ಟೆಯನ್ನು ಚರ್ಚಿಗೆ ಒಪ್ಪಿಸಿದಳು. ಈಸ್ಟರಿನ ಹಿಂದಿನ ಪವಿತ್ರ ವಾರಕ್ಕೆ ಮುಂಚೆ ಸಂತರ ಪ್ರತಿಮೆಗಳಿಗೆ ಮುಸುಕು ಹಾಕಲು ಪಾದ್ರಿಗಳಿಗೆ ನೇರಳೆ ಬಟ್ಟೆಯೇ ಬೇಕಾಗಿತ್ತು. ಇತ್ತ ಗಾಜಿನ ಮನೆಯಲ್ಲಿ ಮೀನು ತೂಗಿತು, ಅಜ್ಜಿಯ ಸೌಟು ಬೀಸಿತು, ತಾಂಕ್ರೆದಿ ಮೇಜಿನ ಕೆಳಗೆ ಕಂತುಕಂತಾಗಿ ಬಿದ್ದ. ಭಾನುವಾರ ಸಭಾಂಗಣದಲ್ಲಿ ದಾರ ಕಂಡೊಡನೆಯೇ ಒಗೆಯುವ ಹೆಂಗಸರು ಒಬ್ಬರನ್ನೊಬ್ಬರು ತಿವಿದರು. “ಅಯ್ಯೋ, ನಮ್ಮನೇ ಮೀನು ಕಣೇ!” ಎಂದು ಯಾರೋ ಕೂಗಿದ್ದೇ ತಡ, ಬೆಂಚುಗಳು ಅಲುಗಾಡುವಂತೆ ನಗು ಎದ್ದಿತು. ಪರದೆಗೆ ಬೆನ್ನು ಮಾಡಿ ನಿಂತ ಎವಾಸಿಯೊ, ನಗುತ್ತಿದ್ದ ಎಷ್ಟೋ ಮುಖಗಳು ಒದ್ದೆಯಾಗಿದ್ದುದನ್ನು ನೋಡಿದ. ಅಂದು ಕತ್ತರಿಗೆ ಕೆಲಸವಿರಲಿಲ್ಲ. ಚಿತ್ರ ಹಬ್ಬಕ್ಕೆ ಮಿಲಾನ್ ಮುಟ್ಟಿತು. ಗಾಜಿನ ಮನೆ ಉಳಿಯಿತು.

ಅದು ಯುದ್ಧ ಬರುವ ತನಕ ಉಳಿಯಿತು. ಆಮೇಲೆ ಜನ ಬೇರೆ ನಗೆಗಳನ್ನು ಬಯಸಿದರು. ಗಾಜುಗಳು ಹೂವು ಬೆಳೆಯುವವರ ಪಾಲಾದವು, ಹಳೆಯ ಸುರುಳಿಗಳು ಕರಗಿ ಬಾಚಣಿಗೆಗಳಾದವು, ಮೀನಿನ ಚಿತ್ರದ ಒಂದು ತುಣುಕೂ ಉಳಿಯಲಿಲ್ಲ. ಎವಾಸಿಯೊ ತಂದೆಯ ಒಲೆಗೆ ಮರಳಿದ. ದೂರುವುದು ಅವನ ಜಾಯಮಾನವಾಗಿರಲಿಲ್ಲ.

ತಲೆ ನರೆತ ಮೇಲೆ ಒಂದು ತಪಸ್ಸುಕಾಲದ ಶುಕ್ರವಾರ, ಮಧ್ಯಾಹ್ನದ ಪ್ರಾರ್ಥನೆಗೆ ಹೋದಾಗ, ಕೊನೆಯ ಬೆಂಚಿನಲ್ಲಿ ತಾಂಕ್ರೆದಿ ಕುಳಿತಿದ್ದ. ಎವಾಸಿಯೊ ಅವನ ಪಕ್ಕಕ್ಕೆ ಸರಿದ. ಎದುರಿಗೆ ಸಂತರೆಲ್ಲ ನೇರಳೆ ಮುಸುಕಿನಲ್ಲಿದ್ದರು.

“ಯಾವ ಬಟ್ಟೆ ಅಂತ ಗುರುತು ಸಿಕ್ತಾ?” ಎಂದ ಎವಾಸಿಯೊ ಪಿಸುದನಿಯಲ್ಲಿ.

“ಸಿಗದೆ ಏನು? ಅದಕ್ಕೇ ಇಷ್ಟು ಹಿಂದೆ ಕೂತಿರೋದು.”

ಎವಾಸಿಯೊ ಜೇಬಿನಿಂದ ಒಂದು ಗ್ರಿಸ್ಸೀನಿ ತೆಗೆದು ಅವನ ಕೈಗಿಟ್ಟ. ತಾಂಕ್ರೆದಿ ಅದನ್ನು ತಲೆಯ ಮೇಲಕ್ಕೆತ್ತಿ, ಕಾಣದ ದಾರದ ಕಾಣದ ಮೀನಿಗೆ ಮೆಲ್ಲಗೆ ಒಮ್ಮೆ ಉಜ್ಜಿ, ಕಚ್ಚಿದ. ಟಕ್ ಎಂದಿತು. ಮುಂದಿನ ಸಾಲುಗಳ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಆ ಇಬ್ಬರು ಮುದುಕರು ಆಳವಾದ ಪ್ರಾರ್ಥನೆಯಲ್ಲಿ ಮುಳುಗಿದವರಂತೆ ಮುಖ ಮುಚ್ಚಿಕೊಂಡಿದ್ದರು. ಬೆಂಚು ಮಾತ್ರ ಅಲುಗುತ್ತಿತ್ತು.