ರುಕ್ಕತ್ತೆಯ ಹಾಡಿಗೆ ಒನ್ಸ್ ಮೋರ್

ಕಳೆದ ತಿಂಗಳು ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಅವಳಿಗೆ ಮೀಸೆ ಅಂಟಿಸಲು ಬಂದ ಮೇಕಪ್ಪಿನವನು ಪುಟ್ಟ ಸೀಸೆಯೊಂದರ ಮುಚ್ಚಳ ತೆಗೆದ. ಸ್ಪಿರಿಟ್ ಗಮ್ಮಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ಅರುವತ್ತರ ದಶಕದ ತೀರ್ಥಹಳ್ಳಿಯಲ್ಲಿ, ನಮ್ಮ ಮನೆಯ ಹಿಂಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣದ ಜಿಡ್ಡು, ಕಾದ ತಗಡಿನ ವಾಸನೆ, ಅಪ್ಪನ ಇಸ್ತ್ರಿಪೆಟ್ಟಿಗೆಯ ಇದ್ದಿಲಿನ ಕಾವು, ಎಲ್ಲ ಒಂದರ ಹಿಂದೊಂದು ಬಂದವು. ಬಾಲ್ಯದ ವಾಸನೆ ಬಂದರೆ ಉಳಿದವರಿಗೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಎಪ್ಪತ್ತು ದಾಟಿದ ಹೆಂಗಸು ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದು ಎಂದು ಮಗಳು ಹೇಳುತ್ತಾಳೆ. ಇಟ್ಟುಕೊಳ್ಳುತ್ತೇನೆ, ಅವಳಿಗೇನು!

ನಮ್ಮ ಮನೆಗೂ ಊರಿನ ಥೇಟರಿಗೂ ನಡುವೆ ಒಂದೇ ಗೋಡೆ. ಥೇಟರು ಎಂದರೆ ಈಗಿನವರು ಏನೇನೋ ಅಂದುಕೊಂಡಾರು. ಹಿಂದೆ ಅಕ್ಕಿ ಗೋಡೌನಾಗಿದ್ದ ತಗಡಿನ ಮಾಡಿನ ಉದ್ದನೆಯ ಕಟ್ಟಡ ಅದು. ಒಂದು ತುದಿಗೆ ಹಲಗೆಯ ರಂಗ, ಮುಂದೆ ಬೆಂಚು, ಅದರ ಮುಂದೆ ಚಾಪೆ. ಊರಿನ ಹವ್ಯಾಸಿ ನಾಟಕ ಮಂಡಳಿಯವರು ವರ್ಷಕ್ಕೆ ಮೂರೋ ನಾಲ್ಕೋ ನಾಟಕ ಆಡುತ್ತಿದ್ದರು. ನಡುವೆ ಹರಿಕಥೆ, ಮ್ಯಾಜಿಕ್ಕು, ಯಾರದೋ ಸನ್ಮಾನ, ಅದರ ಹಿಂದೆ ಉಪ್ಪಿಟ್ಟು. ನಮ್ಮಪ್ಪ ಸೀತಾರಾಮ ಟೈಲರು, ಮಂಡಳಿಯ ರಾಜರಿಗೂ ರಾಕ್ಷಸರಿಗೂ ಅವರೇ ಬಟ್ಟೆ ಹೊಲಿಯಬೇಕು. ಅಮ್ಮ ಅಡುಗೆ ಮನೆಯಲ್ಲಿ, ಅಜ್ಜಿ ಎಲ್ಲ ಕಡೆಯೂ. ಅಪ್ಪನ ತಂಗಿ ರುಕ್ಮಿಣಿ, ನನ್ನ ರುಕ್ಕತ್ತೆ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ರವಿಕೆಗೆ ಹುಕ್ಕು, ಅಂಗಿಗೆ ಕಾಜಾ ಹಾಕುತ್ತಿದ್ದಳು. ಹೆಂಗಸರ ಅಳತೆ ತೆಗೆಯುವ ಕೆಲಸವೂ ಅವಳದೇ. ಅಳತೆ ತೆಗೆಯುವಾಗಲೂ, ಹುಕ್ಕು ಹಾಕುವಾಗಲೂ ಅವಳ ಬಾಯಲ್ಲಿ ಹಾಡು ಇದ್ದೇ ಇರುತ್ತಿತ್ತು. ರವಿಕೆ ಮುಗಿದಿದ್ದರೂ ಹಾಡು ಮುಗಿಯಲಿ ಎಂದು ಕಾಯುತ್ತ ಕೂರುವ ಹೆಂಗಸರನ್ನು ನಾನೇ ಕಂಡಿದ್ದೇನೆ.

ಆ ವರ್ಷ ಮಂಡಳಿಯವರು ಒಂದು ಸಾಮಾಜಿಕ ನಾಟಕ ಎತ್ತಿಕೊಂಡರು. ಅಣ್ಣ ಊರು ಬಿಟ್ಟು ಹೊಳೆ ದಾಟಿ ಹೋಗುವಾಗ ತಂಗಿ ದಡದಲ್ಲಿ ನಿಂತು ಹಾಡುವ ಒಂದು ದೃಶ್ಯ ಅದರಲ್ಲಿತ್ತು. ಹಾಡು ಮಾತ್ರ ಇರಲಿಲ್ಲ. ಮಂಡಳಿಯ ಕಾರ್ಯದರ್ಶಿ ಶೇಷಗಿರಿರಾಯರು, ಪ್ರತಿ ನಾಟಕದಲ್ಲೂ ನಾಯಕನ ಪಾರ್ಟು ಅವರದೇ, ಕೋಟಿನ ಅಳತೆಗೆಂದು ಬಂದವರು ರುಕ್ಕತ್ತೆಯ ಗುನುಗು ಕೇಳಿದರು. "ಒಂದು ಹಾಡು ಕಟ್ಟಿಕೊಡು ರುಕ್ಮಿಣೀ. ಪರದೆ ಹಿಂದೆ ಕೂತು ನೀನೇ ಹಾಡುವೆಯಂತೆ. ಹ್ಯಾಂಡ್‌ಬಿಲ್ಲಲ್ಲಿ ನಿನ್ನ ಹೆಸರು ಹಾಕಿಸ್ತೀನಿ" ಎಂದರು. ಅತ್ತೆಯ ಕೈಯಲ್ಲಿದ್ದ ಸೂಜಿ ನಿಂತಿತು. ಊರಿನ ಯಾವ ಹೆಣ್ಣಿನ ಹೆಸರೂ ಆವರೆಗೆ ಹ್ಯಾಂಡ್‌ಬಿಲ್ಲಿನಲ್ಲಿ ಬಂದಿರಲಿಲ್ಲ. ಹೊಲಿಗೆ ಮಿಷನ್ನಿನ ಸದ್ದಿಗೆ ತಾಳ ಹೊಂದಿಸಿಕೊಂಡು ಹದಿನೈದೇ ದಿನದಲ್ಲಿ ಅವಳು ಹಾಡು ಕಟ್ಟಿದಳು. "ದೋಣಿ ತಿರುಗಿತು ಅಣ್ಣಾ, ಮುಖ ತಿರುಗಿಸಬೇಡ" ಎಂದು ಅದರ ಶುರು. ಆ 'ಅಣ್ಣಾ' ಎನ್ನುವಲ್ಲಿ ದನಿ ತಗಡಿನ ಮಾಡಿಗೆ ಮುಟ್ಟುವಷ್ಟು ಏರಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತಿತ್ತು. ಅಜ್ಜಿಯಂಥ ಗಟ್ಟಿಗಿತ್ತಿಯೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ರಾಯರು ದಿನಾ ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂತು ಹಾಡಿಸಿ ಹಾಡಿಸಿ ಕೇಳಿದರು. ಅಮ್ಮ ಪಾಪ, ಪ್ರತಿ ಸಲ ಕಾಫಿ ಕೊಟ್ಟಳು.

ನಾಟಕಕ್ಕೆ ನಾಲ್ಕು ದಿನ ಇರುವಾಗ ಹ್ಯಾಂಡ್‌ಬಿಲ್ಲು ಅಚ್ಚಾಗಿ ಬಂತು. ಗುಲಾಬಿ ಕಾಗದ. ಅತ್ತೆ ಕೈ ತೊಳೆದುಕೊಂಡು, ಒರೆಸಿಕೊಂಡು, ಅದನ್ನು ತೆಗೆದುಕೊಂಡಳು. ಹಾಡಿನ ರಚನೆ, ರಾಗ ಸಂಯೋಜನೆ, ಗಾಯನ: ಮೂರಕ್ಕೂ ಶೇಷಗಿರಿರಾಯರ ಹೆಸರು. ತಂಗಿ ಹಾಡಬೇಕಾದದ್ದನ್ನು ಅಣ್ಣನ ಬಾಯಿಗೆ ಹಾಕಿ, 'ಅಣ್ಣಾ' ಇದ್ದಲ್ಲಿ 'ತಂಗೀ' ಎಂದು ಸೇರಿಸಿದ್ದರು. ಅವರ ರಚನೆ ಅಂದರೆ ಅಷ್ಟೇ! ಅಪ್ಪ ಜನ್ಮದಲ್ಲಿ ಒಂದು ಸಲ ಧೈರ್ಯ ಮಾಡಿ ಥೇಟರಿನ ಜಗಲಿಗೆ ಹೋಗಿ ಕೇಳಿದರು. ನಾನು ಅವರ ಬೆರಳು ಹಿಡಿದು ನಿಂತಿದ್ದೆ. ರಾಯರು ಜಗಲಿಯಲ್ಲಿ ಕೂತವರಿಗೆಲ್ಲ ಕೇಳುವಂತೆ, "ಎಂತ ಸೀತಾರಾಮ, ನಿಂಗೆ ತಿಳಿಯೂದಿಲ್ವಾ? ಮದುವೆ ಆಗ್ಬೇಕಾದ ಹುಡುಗಿ ಹೆಸರು ಬೀದೀಲಿ ಹಂಚಬೇಕಾ? ನಾನು ಉಪಕಾರ ಮಾಡಿದ್ದೀನಿ. ಮತ್ತೆ ಹಾಡು ಕಟ್ಟೋಕೆ ಅವಳಿಗೆಲ್ಲಿ ಬರ್ತದೆ? ನಾನು ಗುನುಗಿದ್ದನ್ನ ಕೇಳಿ ತನ್ನದು ಅಂತ ಹೇಳ್ತಿದಾಳೆ, ಅಷ್ಟೇ" ಎಂದು ನಕ್ಕರು. ಜಗಲಿಯೂ ನಕ್ಕಿತು. ಅಪ್ಪ ತಲೆ ತಗ್ಗಿಸಿ ಹಿಂದೆ ಬಂದರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಜಗಲಿಯವರು ಒಬ್ಬರೂ ಈಗ ಉಳಿದಿಲ್ಲ, ಆದರೆ ನಾನಿನ್ನೂ ಇದ್ದೇನೆ.

ರುಕ್ಕತ್ತೆ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅವಳು ಹಾಡುವುದನ್ನು ನಿಲ್ಲಿಸಿದಳು. ಮೆಟ್ಟಿಲ ಮೇಲೆ ಕೂತು ಮಾತಿಲ್ಲದೆ ಕಾಜಾ ಹಾಕಿದಳು. ರವಿಕೆಗೆ ಬಂದ ಹೆಂಗಸರು ಅವಳ ಮುಖ ನೋಡಿ, ಅಜ್ಜಿಯ ಮುಖ ನೋಡಿ, ರವಿಕೆ ಮಡಚಿಕೊಂಡು ಹೋದರು.

ಶನಿವಾರ ಸಂಜೆ ಮೊದಲ ಪ್ರದರ್ಶನ. ನಾವು ಹೋಗಲಿಲ್ಲ, ಆದರೆ ಗೋಡೆ ಒಂದೇ ಅಲ್ಲವೇ, ಎಲ್ಲ ಕೇಳಿಸುತ್ತಿತ್ತು. ಹಾಡು ಬಂತು. ಗಂಡಸರ ಬೆಂಚಿನಿಂದ "ಒನ್ಸ್ ಮೋರ್" ಎಂಬ ಕೂಗೆದ್ದಿತು. ರಾಯರು ಇನ್ನೊಂದು ಸಲ ಹಾಡಿ, ಉಬ್ಬಿಹೋಗಿ, ರಂಗದ ಮೇಲಿಂದಲೇ ಘೋಷಿಸಿದರು: "ರಸಿಕರು ಕೇಳಿದಷ್ಟು ಸಲ ಹಾಡದೇ ಇದ್ರೆ ಈ ಶೇಷಗಿರಿ ಮುಖಕ್ಕೆ ಬಣ್ಣ ಹಚ್ಚೂದಿಲ್ಲ!" ಕತ್ತಲ ಅಡುಗೆ ಮನೆಯಲ್ಲಿ ಅತ್ತೆ ಬಾಯಿಬಿಟ್ಟಳು. "ಶ್ರುತಿ ಇಳಿಸಿಕೊಳ್ಬೇಕಿತ್ತು. ಅದು ಹೆಣ್ಣಿನ ಗಂಟ್ಲಿಗೆ ಕಟ್ಟಿದ್ದು. ಎರಡು ಸಲ ಹೆಂಗೋ ಎಳೀತಾರೆ, ಆಮೇಲೆ ಗಂಟ್ಲು ಹಿಡೀತದೆ." ಒಲೆ ಮುಂದೆ ಕೂತಿದ್ದ ಅಜ್ಜಿ ಊದುಗೊಳವೆ ಕೆಳಗಿಟ್ಟಳು. "ಹೌದಾ?" ಎಂದಳು. ಅಷ್ಟೇ.

ಮರುದಿನ ಭಾನುವಾರ ಮಧ್ಯಾಹ್ನ ಹೆಂಗಸರ ಆಟ. ನಿಮ್ಮಲ್ಲಿ ಯಾರಾದರೂ ಅಂಥದೊಂದನ್ನು ಕಂಡಿದ್ದರೆ ಅದು ಈಗಿಲ್ಲವೆಂಬ ನನ್ನ ಸಂಕಟ ತಿಳಿದೀತು. ಗಂಡಸರನ್ನು ಒಳಗೆ ಬಿಡದ ಆ ಒಂದು ಮಧ್ಯಾಹ್ನಕ್ಕೆ ಕುಪ್ಪಳ್ಳಿ ಕಡೆಯಿಂದ, ಅರಳಸುರಳಿಯಿಂದ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ತೊಟ್ಟಿಲು ಮಗುವಿನಿಂದ ಹಲ್ಲಿಲ್ಲದ ಅಜ್ಜಿಯವರೆಗೆ. ಮಡಿಲಲ್ಲಿ ಚಕ್ಕುಲಿ ಡಬ್ಬಿ, ಮುಡಿಯಲ್ಲಿ ಸುರಗಿ ಹೂವು. ಯಾರ ಮಗಳಿಗೆ ಎಲ್ಲಿ ನೋಡಿದ್ದಾರೆ, ಯಾರ ಅತ್ತೆ ಎಂಥವಳು, ಎಲ್ಲವೂ ಅಲ್ಲಿಯೇ ಗೊತ್ತಾಗಬೇಕು. ಪರದೆ ಏಳುವ ಮೊದಲಿನ ಆ ಗಲಗಲ ಸದ್ದು ಕೇಳಲೆಂದೇ ನಾನು ಬೇಗ ಹೋಗಿ ಕೂರುತ್ತಿದ್ದೆ. ನಡುವಿನ ವಿರಾಮದಲ್ಲಿ ಬೆಲ್ಲದ ಪಾನಕ ಕೊಡುವುದು ಗೋಡೆಯಾಚೆಯ ಮನೆಯವರದು, ಅಂದರೆ ನಮ್ಮದು, ಎಂದು ವಾಡಿಕೆ. ಮತ್ತೊಂದು ವಾಡಿಕೆಯೂ ಇತ್ತು. ಹೆಂಗಸರು ಒನ್ಸ್ ಮೋರ್ ಕೂಗುತ್ತಿರಲಿಲ್ಲ. ಕಣ್ಣೊರೆಸಿಕೊಂಡರೆ ಮುಗಿಯಿತು, ಅದೇ ಅವರ ಮೆಚ್ಚುಗೆ.

ಅಜ್ಜಿ ಅವತ್ತು ಅತ್ತೆಯನ್ನು ರಟ್ಟೆ ಹಿಡಿದು ಎಬ್ಬಿಸಿದಳು. "ಏಳು. ತಪ್ಪು ಮಾಡಿದವನು ಬಣ್ಣ ಹಚ್ಕೊಂಡು ಕುಣೀತಿದಾನೆ, ನೀನು ಮೂಲೇಲಿ ಕೂತ್ಕೊಳ್ಳೋದಾ?" ಅತ್ತೆ ಬಂದಳು. ಅಮ್ಮನ ಪಕ್ಕ ಅವಳು, ಅವಳ ಪಕ್ಕ ನಾನು, ನನ್ನ ಪಕ್ಕ ಅಜ್ಜಿ. ವಿರಾಮದಲ್ಲಿ ಅಜ್ಜಿ ಪಾನಕದ ಕೊಳಗ ಹಿಡಿದು ಸಾಲು ಸಾಲಿಗೂ ಬಗ್ಗಿದಳು. ಪ್ರತಿ ಸಾಲಿನಲ್ಲೂ ಒಂದೇ ಮಾತು: "ಹಾಡು ಯಾರದ್ದು ಅಂತ ನಿಮ್ಗೆ ಗೊತ್ತುಂಟಲ್ಲ? ಹಾಡಿ ಮುಗಿಸಿದ ಮೇಲೆ ನನ್ನ ಮೊಮ್ಮಗಳು ಕೂಗ್ತಾಳೆ. ನೀವೂ ಕೂಗಿ. ಬಿಡಬೇಡಿ." ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ನಮ್ಮ ಮೆಟ್ಟಿಲ ಮೇಲೆ ನಿಂತು, ಅಳತೆ ಕೊಡುತ್ತ, ಆ ಹಾಡು ಹುಟ್ಟುವುದನ್ನೇ ಕೇಳಿದವರು.

ರಾಯರು ಹಾಡಿ ಮುಗಿಸಿದರು. ಎಂದಿನಂತೆ ಮೌನ. ಅಜ್ಜಿ ನನ್ನ ತೊಡೆ ಚಿವುಟಿದಳು. "ಒನ್ಸ್ ಮೋರ್!" ಎಂದು ಕಿರುಚಿದೆ. ಹಿಂದಿನಿಂದ ಎಂಟು ದನಿ, ಬಲದಿಂದ ಇಪ್ಪತ್ತು. ರಾಯರ ಮುಖ ಅರಳಿತು. ಹೆಂಗಸರೇ ಕೂಗುತ್ತಿದ್ದಾರೆ! ಎದೆಗೆ ಕೈಯಿಟ್ಟು ಬಾಗಿ, ಎರಡನೇ ಸಲ ಹಾಡಿದರು. ಮತ್ತೆ ಕೂಗು. ಮೂರನೇ ಸಲ 'ತಂಗೀ' ಎನ್ನುವಲ್ಲಿ ಕತ್ತಿನ ನರ ಎದ್ದವು. ನಾಲ್ಕನೆಯದಕ್ಕೆ ನೀರು ತರಿಸಿದರು. ಐದನೆಯದಕ್ಕೆ ಹಾರ್ಮೋನಿಯಂ ಮೇಷ್ಟ್ರ ಕಡೆ ಬಗ್ಗಿ ಏನೋ ಪಿಸುಗುಟ್ಟಿದರು. "ಶ್ರುತಿ ಇಳಿಸಬ್ಯಾಡ್ರೀ, ಹಂಗೇ ಇರ್ಲಿ!" ಎಂದು ಹಿಂದಿನಿಂದ ಯಾವಳೋ ಪುಣ್ಯಾತ್ಗಿತ್ತಿ ಕೂಗಿದಳು. ಆರನೆಯದರಲ್ಲಿ ದನಿ ಒಡೆದು ಕೆಮ್ಮು ಬಂತು, ಬೆವರಿಗೆ ಮೀಸೆ ಒಂದು ಕಡೆ ಕಿತ್ತು ಜೋತಾಡಿತು. ಮಕ್ಕಳು ಬೆಂಚು ಹತ್ತಿ ಕುಣಿದರು. ಏಳನೇ ಸಲ ಅವರು ಬಾಯಿ ತೆರೆದರು, ಗಾಳಿ ಬಂತು, ಹಾಡು ಬರಲಿಲ್ಲ. ಕೈ ಮುಗಿದು ನಿಂತರು. ಆಗ ಅಜ್ಜಿ ಎದ್ದಳು, ಕೊಳಗ ಕಂಕುಳಲ್ಲೇ ಇತ್ತು. "ಎಂತ ರಾಯರೇ, ನೀವೇ ಕಟ್ಟಿದ ಹಾಡು, ನಿಮ್ಮ ಗಂಟ್ಲಿಗೇ ಹೊಂದೂದಿಲ್ವಾ?" ಎಂದು ಕೇಳಿದಳು. ತಗಡು ಹಾರಿಹೋಗುವ ಹಾಗೆ ನಗು ಎದ್ದಿತು. ಪರದೆ ಬಿತ್ತು. ಆಹಾ! ಅಂಥ ಸುಖವನ್ನು ನಾನು ಮದುವೆಯಲ್ಲೂ ಕಂಡಿಲ್ಲ, ಮಗು ಹುಟ್ಟಿದಾಗಲೂ ಕಂಡಿಲ್ಲ. ಹೇಳಿದರೆ ತಪ್ಪು ತಿಳಿಯಬೇಡಿ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ರಾಯರು ಮತ್ತೆ ಬಣ್ಣ ಹಚ್ಚಲಿಲ್ಲ. ಕಾಫಿ ಹೋಟೆಲಿಗೆ ಹೋದರೆ ಮೂಲೆಯಿಂದ ಯಾರಾದರೂ "ಒನ್ಸ್ ಮೋರ್" ಎನ್ನುತ್ತಿದ್ದರು. ಮಂಡಳಿ ಅವರ ಕೈಯಲ್ಲಿತ್ತು, ಅವರು ಕೈಬಿಟ್ಟರು. ಎರಡು ವರ್ಷದಲ್ಲಿ ಬೆಂಚುಗಳನ್ನು ಮಾರಿ, ತಗಡು ಬಿಚ್ಚಿದರು. ನಾಟಕವಿಲ್ಲದ ಮೇಲೆ ಅಪ್ಪನ ಕೆಲಸ ಅರ್ಧಕ್ಕಿಳಿಯಿತು. ಮಿಷನ್ನು ಲಾರಿಗೆ ಹಾಕಿಕೊಂಡು ನಾವು ಸಾಗರಕ್ಕೆ ಬಂದೆವು. ಆ ಮನೆ, ಆ ಗೋಡೆ, ಆ ಮೆಟ್ಟಿಲು ಯಾವುದೂ ಈಗಿಲ್ಲ. ಅಲ್ಲಿ ಮೊಬೈಲು ಅಂಗಡಿಯಿದೆಯಂತೆ. ಅಜ್ಜಿ ಕೊನೆಯವರೆಗೂ "ಹೋದ್ರೆ ಹೋಗ್ಲಿ, ಅವನ ಸೊಕ್ಕು ಮುರೀತಲ್ಲ" ಎನ್ನುತ್ತಿದ್ದಳು. ನಾನೂ ಅವಳ ಮೊಮ್ಮಗಳೇ.

ರುಕ್ಕತ್ತೆ ಹೊಸನಗರದ ಕಡೆಗೆ ಮದುವೆಯಾಗಿ ಹೋದಳು. ಹತ್ತು ವರ್ಷದ ಹಿಂದೆ, ಅವಳು ಹಾಸಿಗೆ ಹಿಡಿದಿದ್ದಾಗ, ನೋಡಲು ಹೋಗಿದ್ದೆ. ಅವಳನ್ನು ನಗಿಸಬೇಕೆಂದು ಆ ಹೆಂಗಸರ ಆಟದ ಕಥೆ ತೆಗೆದೆ. ರಾಯರ ಮೀಸೆ ಜೋತಾಡಿದ್ದನ್ನು ಅಭಿನಯಿಸಿ ತೋರಿಸಿದೆ. ಅವಳು ನಕ್ಕಳು, ನನ್ನ ಖುಷಿಗೆ ನಕ್ಕಳೆಂದು ಈಗ ಅನಿಸುತ್ತದೆ. ಆಮೇಲೆ ಗೋಡೆ ನೋಡುತ್ತ ಹೇಳಿದಳು: "ಎರಡನೇ ಸಲ ಹಾಡಿದಾಗ ಸರಿಯಾಗಿ ಬಂದಿತ್ತು ಕಣೇ ಕೂಸೇ. ನಾನು ಕಟ್ಟಿದ ಹಂಗೇ. ಥೇಟರಲ್ಲಿ ಕೂತು ನನ್ನ ಹಾಡು ನಾನು ಕೇಳಿದ್ದು ಅದೊಂದೇ ದಿನ. ಸಮಾಧಾನದಲ್ಲಿ ಕೇಳೋಕೆ ನೀವ್ಯಾರೂ ಬಿಡ್ಲಿಲ್ಲ." ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಹಾಗಾದರೆ ಈಗ ಹಾಡು ಅತ್ತೆ, ನಾನು ಬರೆದುಕೊಳ್ಳುತ್ತೇನೆ ಎಂದೆ. ತುಟಿ ಅಲುಗಿಸಿದಳು. ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. "ಮರ್ತೋಯ್ತು" ಎಂದಳು.

ನನಗೂ ಆ ಮೊದಲ ಸಾಲಷ್ಟೇ ಗೊತ್ತು. ಅವತ್ತು ಅಷ್ಟು ಸಲ ಹಾಡಿಸಿದರೂ, ಯಾವಾಗ ಮುಗಿಯುತ್ತದೆ, ಯಾವಾಗ ಕೂಗಲಿ ಎಂದು ಕಾಯುತ್ತಿದ್ದೆನೇ ಹೊರತು ಹಾಡಿಗೆ ಕಿವಿ ಕೊಟ್ಟಿರಲಿಲ್ಲ. ಶೇಷಗಿರಿರಾಯರನ್ನು ನಾನು ಕ್ಷಮಿಸಿಲ್ಲ, ಸಾಯುವ ತನಕ ಕ್ಷಮಿಸುವುದೂ ಇಲ್ಲ. ಆದರೆ ಅತ್ತೆ ನಮ್ಮನ್ನು ಕ್ಷಮಿಸಿದ್ದಳೋ ಇಲ್ಲವೋ, ಅದನ್ನು ಕೇಳುವ ಧೈರ್ಯ ಅವಳು ಇರುವವರೆಗೂ ನನಗೆ ಬರಲಿಲ್ಲ.