ಹಲ್ಲಕ್ಕ ಕಾರು ಬಿಟ್ಟದ್ದು

ಕೆಲಸದ ಕಡೆ ಎಲ್ಲರೂ ಆಕೆಯನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಬೊಚ್ಚುಬಾಯಿಯವರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಪುಟ್ಟ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದ ದುಡಿಮೆ. ಮೇಣದಲ್ಲಿ ಕೂರಿಸಿದ ಹಲ್ಲು ಕೂದಲೆಳೆಯಷ್ಟು ವಾಲಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. "ಈಕೆ ಎದುರು ನಗಬೇಡ್ರಪ್ಪ, ಅಳತೆ ತಗೊಂಡ್ಬಿಡ್ತಾಳೆ" ಎಂದು ಲ್ಯಾಬಿನ ಯಜಮಾನರು ತಮಾಷೆ ಮಾಡುತ್ತಿದ್ದರು.

ಅಂಥ ಕಣ್ಣಿಗೆ ಒಂದು ಬೆಳಿಗ್ಗೆ ಮಗುವೊಂದು ಕಾಣಲಿಲ್ಲ.

ಮನೆಯ ಗೇಟಿನೊಳಗಿಂದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಟಪ್ ಎಂದು ಏನೋ ಒಡೆದ ಸದ್ದು. ಬ್ರೇಕ್ ಒತ್ತಿ ಕನ್ನಡಿ ನೋಡಿದರೆ ಖಾಲಿ ರಸ್ತೆ. ಇಳಿದಳು. ಹಿಂದಿನ ಚಕ್ರದ ಕೆಳಗಿನಿಂದ ಏನೋ ಕಪ್ಪಗೆ ಹರಿದು ಬರುತ್ತಿತ್ತು. ರಕ್ತ ಎಂದುಕೊಂಡಳು. ಕಾರು ಹಿಡಿದುಕೊಂಡೇ ಹಿಂದಕ್ಕೆ ಹೋದಳು.

ಮಹಡಿ ಮನೆಯ ಆರು ವರ್ಷದ ಹುಡುಗಿ ಅಲ್ಲಿ ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟುತ್ತಿದ್ದಳು. ಅವಳಿಗೂ ಬಂಪರಿಗೂ ಒಂದು ಗೇಣು ಅಂತರ.

"ಆಂಟಿ, ನನ್ನ ನೀರಿನ ಬಾಟ್ಲಿ ಒಡೆದೋಯ್ತು" ಎಂದಿತು ಮಗು.

ಹರಿದದ್ದು ನೀರು. ಆದರೂ ಹಲ್ಲಕ್ಕನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಸಂಜೆ ಹೋಗಿ ಮಗುವಿನ ತಾಯಿಗೆ ಎಲ್ಲ ಹೇಳಿದಳು. ಆಕೆ ಮಗಳನ್ನು ಎಳೆದು ತಬ್ಬಿಕೊಂಡು, "ನೀವಾಗೇ ಹೇಳಿದ್ರಲ್ಲ, ಬಿಡಿ" ಎಂದರೂ ಹಲ್ಲಕ್ಕನ ಮುಖ ನೋಡಲಿಲ್ಲ.

"ಏನೂ ಆಗ್ಲಿಲ್ವಲ್ಲ, ಮರ್ತುಬಿಡು" ಎಂದ ಗಂಡ. ಅವಳೂ ಮರೆಯಲು ನೋಡಿದಳು. ಮೂರನೆಯ ದಿನ ಕಾರು ಹತ್ತಿ ಕೀಲಿ ತಿರುಗಿಸಿ, ಇಳಿದು ಹಿಂದೆ ನೋಡಿ ಬಂದಳು. ಕೂತೊಡನೆ ಮತ್ತೆ ಅನುಮಾನ. ಮಗು ಈಗ ಬಂದು ಕೂತಿದ್ದರೆ? ಏಳು ಸಲ ಇಳಿದಳು. ರವಿಕೆ ಬೆವರಿಗೆ ಬೆನ್ನಿಗಂಟಿತು. ಕೊನೆಗೆ ಕೀಲಿಯನ್ನು ಗಂಡನ ಕೈಗಿಟ್ಟು ಬಸ್ಸಿಗೆ ನಡೆದಳು. ತಿಂಗಳೊಳಗೆ ಹಳೆಯ ಸೈಕಲ್ ಒಂದನ್ನು ಕೊಂಡಳು.

ಸೈಕಲ್ಲಿನಲ್ಲೇನೂ ಭಯ ಬಿಡಲಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಜೀವ ಬಾಯಿಗೆ ಬರುತ್ತಿತ್ತು.

"ಕಾರಿಗೆ ಹೆದ್ರೋಳು ಸೈಕಲ್ಲಿಗೆ ಹೆದ್ರಲ್ವಾ?" ಎಂದು ಗಂಡ ಕೇಳಿದ.

"ಹೆದ್ರ್ತೀನಿ ರೀ. ಆದ್ರೆ ಬಿದ್ರೆ ನನ್ನ ಮಂಡಿ ತಾನೇ ಒಡೆಯೋದು. ಇನ್ನೊಬ್ರ ಮಗು ಅಲ್ವಲ್ಲ."



ವರ್ಷದ ಮೇಲೆ ನಗರಪಾಲಿಕೆ ಕಚೇರಿಯಿಂದ ಒಬ್ಬಳು ಯುವತಿ ಸಮೀಕ್ಷೆಯ ಫಾರಂ ಹಿಡಿದು ಲ್ಯಾಬಿಗೆ ಬಂದಳು. ಜನ ಯಾಕೆ ಸ್ವಂತ ವಾಹನ ಬಿಟ್ಟು ಬಸ್ಸು, ಸೈಕಲ್ ಹಿಡಿಯುತ್ತಾರೆ ಎಂದು ತಿಳಿಯಬೇಕಂತೆ.

"ಗಾಳಿ ಚೆನ್ನಾಗಿರ್ಲಿ ಅಂತಾನಾ ಮೇಡಂ, ಆರೋಗ್ಯಕ್ಕಾ, ಖರ್ಚು ಉಳಿಸೋಕಾ?"

"ಬರ್ಕೊಳಮ್ಮ, ನಮ್ಮ ಹಲ್ಲಕ್ಕನಿಗೆ ಪರಿಸರ ಅಂದ್ರೆ ಪ್ರಾಣ" ಎಂದರು ಯಜಮಾನರು ಹೆಮ್ಮೆಯಿಂದ.

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳಿಗೆ ನಾಚಿಕೆಯಾಯಿತು. "ಅದ್ಯಾವ್ದೂ ಅಲ್ಲ. ಭಯಕ್ಕೆ" ಎಂದಳು.

"ಯಾರಾದ್ರೂ ಗುದ್ತಾರೆ ಅಂತಾನಾ?"

"ನಾನು ಗುದ್ತೀನಿ ಅಂತ."

ನಡೆದದ್ದನ್ನು ಅಂದೇ ಮೊದಲ ಸಲ ಅಲ್ಲಿ ಹೇಳಿದಳು. ಯುವತಿ ಫಾರಂ ಮೇಲೆಕೆಳಗೆ ನೋಡಿ, ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡಳು. ಯಜಮಾನರ ನಗು ಆರಿಹೋಗಿತ್ತು. "ನನ್ನ ಮೊಮ್ಮಗಳೂ ಗೇಟಿನ ಹತ್ರಾನೇ ಆಡ್ತಿರ್ತಾಳೆ" ಎಂದರು, ಯಾರಿಗೆ ಎಂದಿಲ್ಲದೆ.

ಅಂದು ಸಂಜೆ ಅವರು ಕಾರನ್ನು ಲ್ಯಾಬಿನ ಮುಂದೆಯೇ ಬಿಟ್ಟು ಬಸ್ಸಿಗೆ ಹೋದರು. ಹಲ್ಲಕ್ಕ ರಸ್ತೆಯ ಅಂಚು ಹಿಡಿದು, ತಿರುವು ಬಂದಲ್ಲೆಲ್ಲ ಕಾಲೂರಿ, ಹ್ಯಾಂಡಲ್ಲನ್ನು ಬೆರಳು ಬಿಳುಪೇರುವಷ್ಟು ಬಿಗಿಹಿಡಿದು ಮನೆ ಸೇರಿದಳು.